ಕಾಲು ತೆಗೆದರೂ ನಿಲ್ಲದ ವ್ಯಾನು

ತೆರಕಣಾಂಬಿಯ ವೃಷಭೇಂದ್ರಪ್ಪನವರು ಎತ್ತಿನ ಗಾಡಿ ಮಾರಿ, ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಹಳೆಯ ಮಿಲಿಟರಿ ವ್ಯಾನೊಂದನ್ನು ಕೊಂಡಿದ್ದರು. ಸಂತೆಯಿಂದ ಸಂತೆಗೆ ಸೀರೆ, ಪಂಚೆ ಮಾರುವ ವ್ಯಾಪಾರ. ವ್ಯಾನಿನೊಳಗೇ ಹಲಗೆ ಮಂಚ, ಸೀಮೆಎಣ್ಣೆ ಒಲೆ, ಮೂಲೆಯಲ್ಲಿ ಪೂಜೆಯ ಪೆಟ್ಟಿಗೆ. ಅಡುಗೆ ಅಲ್ಲೇ, ನಿದ್ದೆಯೂ ಅಲ್ಲೇ. ಹೆಂಡತಿ ಕರಿಬಸಮ್ಮನಿಗೆ ಸಾಕುಸಾಕಾಗಿತ್ತು. ಕೂತರೆ ಸೊಂಟನೋವು, ಮಲಗಿದರೆ ಕಿವಿಯೊಳಗೆ ಎಂಜಿನ್ನಿನ ಸದ್ದು.

ಆ ದಿನ ಮಗಳು ಚಂದ್ರಮತಿಯನ್ನು ಹೆರಿಗೆಗೆ ಕರೆತರಲು ಉಮ್ಮತ್ತೂರಿಗೆ ಹೊರಟಿದ್ದರು. ಆ ಊರು ಇನ್ನೇನು ಕೂಗಳತೆಯಲ್ಲಿದ್ದಾಗ ದನಗಳು ಅಡ್ಡ ಬಂದವು. ವೃಷಭೇಂದ್ರಪ್ಪ ಆಕ್ಸಿಲರೇಟರಿನಿಂದ ಕಾಲು ತೆಗೆದರು. ವ್ಯಾನು ಮಾತ್ರ ಅದೇ ವೇಗದಲ್ಲಿ ನುಗ್ಗಿತು. ಬ್ರೇಕು ತುಳಿದು, ಹೊಲಕ್ಕಿಳಿಸಿ, ಕೀಲಿ ತಿರುಗಿಸಿ ನಿಲ್ಲಿಸುವಷ್ಟರಲ್ಲಿ ಕರಿಬಸಮ್ಮನ ಬಾಯಲ್ಲಿ ಶಿವನಾಮವೊಂದೇ ಉಳಿದಿತ್ತು.

“ಬಸುರಿ ಮಗಳ್ನ ಇದ್ರಲ್ಲಿ ಕೂರ್ಸಕ್ಕಿಲ್ಲ ನಾನು,” ಎಂದಳು ಆಕೆ. “ಮಾದಪ್ಪನ ಹರಕೆ ಬಾಕಿ ಅದೆ. ಅದ್ಕೇ ಇಂಗಾಗೋದು.”

“ಪೆಡ್ಲು ವಸಿ ಬಿಗಿಯಾಗ್ಯದೆ, ಅಷ್ಟೆ ಬುಡು. ಕೀಲೆಣ್ಣೆ ಹಾಕುದ್ರೆ ಸರೋಯ್ತದೆ.”

ವೃಷಭೇಂದ್ರಪ್ಪ ಸೀಟಿನ ಕೆಳಗಿಂದ ಬಿದಿರಿನ ಗೊಟ್ಟ ಎಳೆದರು. ಹರಳೆಣ್ಣೆಗೆ ಹುಲ್ಲು ಸುಟ್ಟ ಮಸಿ ಕಲಸಿ, ಗಾಡಿಯ ಅಚ್ಚಿಗೆ ಹಚ್ಚುವ ಕಪ್ಪು ಎಣ್ಣೆ.

ಅಷ್ಟರಲ್ಲಿ ಉಮ್ಮತ್ತೂರಿನ ಮೂಗಯ್ಯ ಬಂದ. ಗುಂಡ್ಲುಪೇಟೆಯ ಕಡೆ ಬಸ್ಸು ಓಡಿಸುವವನು, ರಜೆಗೆ ಊರಿಗೆ ಬಂದಿದ್ದ.

“ಏನ್ ಸಾವ್ಕಾರ್ರೆ, ವ್ಯಾನಲ್ಲೇ ಹೊಲ ಉಳಕ್ಕೆ ಬಂದ್ರಾ?”

“ನಗಾಡ್ಬ್ಯಾಡ ಕಣ್ಲಾ. ಕಾಲ್ ತಗದ್ರೂ ಓಡ್ತದೆ ಇದು.”

“ಆ ಎಣ್ಣೆ ಕೆಳಗಿಕ್ಕಿ. ಮೊದ್ಲು ಎಲ್ಲಿ ಹಿಡ್ಕಂಡದೆ ನೋಡನ.”

ಎಂಜಿನ್ ಆರುವ ತನಕ ಕಾದು, ಮೂಗಯ್ಯ ಬಾನೆಟ್ ತೆಗೆದ. ಪೆಡಲಿನಿಂದ ಬರುವ ಕಂಬಿಯನ್ನು, ಎಂಜಿನ್ನಿಗೆ ಪೆಟ್ರೋಲು ಬಿಡುವ ಕಾರ್ಬೊರೇಟರಿನಿಂದ ಬಿಡಿಸಿದ. ಕಾರ್ಬೊರೇಟರಿನ ಪುಟ್ಟ ಸನ್ನೆಕೋಲನ್ನು ಬೆರಳಿನಲ್ಲಿ ಒತ್ತಿ ಬಿಟ್ಟ. ಪಟ್ಟನೆ ಹಿಂದಕ್ಕೆ ಬಂತು.

“ಇದು ಸರ್ಯಾಗೇ ಅದೆ. ಸ್ಪ್ರಿಂಗೂ ನೆಟ್ಟಗದೆ. ಅವ್ವಾ, ಈಗ ಕಂಬಿ ಎಳೀರಿ.”

ಕರಿಬಸಮ್ಮ ಎಳೆದಳು. ಅದು ಅಲುಗಲು ಒಲ್ಲದು. ಕಂಬಿ ತೂರಿ ಬರುವ ತೂತಿನಲ್ಲಿ ಕಪ್ಪು ಗಡ್ಡೆ ಅರಗಿನಂತೆ ಕೂತಿತ್ತು.

“ನೀವ್ ಹಾಕ್ತಿರೋ ಕೀಲೆಣ್ಣೆ ಮಂದ. ದಾರಿ ದೂಳೆಲ್ಲ ಕುಡ್ದು ಗಟ್ಟಿಯಾಗ್ಯದೆ,” ಎಂದ ಮೂಗಯ್ಯ.

“ನಮ್ಮಪ್ಪನ ಕಾಲ್ದಿಂದ ಹಾಕಿರೋ ಎಣ್ಣೆ ಕಣ್ಲಾ,” ವೃಷಭೇಂದ್ರಪ್ಪ ಒಪ್ಪಲಿಲ್ಲ.

“ನಿಮ್ಮಪ್ಪಾರ್ ತಾವ ಎತ್ತುಗಳಿದ್ವು. ಹೋ ಅಂದ್ರೆ ನಿಂತ್ಕತಿದ್ವು. ಇದ್ಕೆ ಕಿವಿ ಇಲ್ವಲ್ಲ.”

ಕರಿಬಸಮ್ಮನಿಗೆ ಇನ್ನೂ ಅಳುಕು. “ಮತ್ತೆ ಹರಕೆ?”

“ಹರಕೆ ತೀರ್ಸಿ ಕಣವ್ವ, ಅದು ಮಾದಪ್ಪನ್ದು. ಕೊಳೆ ತೆಗಿಯೋದು ನಮ್ದು.”

ಬೀಡಿ, ಬೆಂಕಿಕಡ್ಡಿ ದೂರವಿಟ್ಟು, ಸೀಮೆಎಣ್ಣೆಯ ಬಟ್ಟೆಯಿಂದ ಗಡ್ಡೆ ಕರಗಿಸಿ ಒರೆಸಿದರು. ಊರಿನ ದರ್ಜಿಯಿಂದ ಹೊಲಿಗೆ ಮಿಷನ್ನಿನ ತೆಳು ಎಣ್ಣೆ ತಂದು ತೊಟ್ಟು ಬಿಟ್ಟರು. ಕಂಬಿ ಮತ್ತೆ ಸೇರಿತು. ವೃಷಭೇಂದ್ರಪ್ಪ ಪೆಡಲನ್ನು ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು.

“ದಾರೀಲಿ ತಿರ್ಗ ಹಿಡ್ಕಂಡ್ರೆ?” ಎಂದಳು ಕರಿಬಸಮ್ಮ.

“ಬಗ್ಗಿ ಕೈ ಹಾಕ್ಬ್ಯಾಡಿ. ಕ್ಲಚ್ ತುಳ್ದು ಗೇರು ಬುಡ್ಸಿ, ಬ್ರೇಕ್ ಒತ್ತಿ. ದಾರಿ ಮಗ್ಗುಲ್ಗೆ ನಿಂತ ಮ್ಯಾಲೆ ಕೀಲಿ ಆರ್ಸಿ.”

ಆಕೆ ತಾನೇ ಡ್ರೈವರ್ ಸೀಟಿಗೆ ಹತ್ತಿ ಪೆಡಲು ಒತ್ತಿ ನೋಡಿದಳು. ಅದು ಅಂಗಾಲನ್ನು ತಳ್ಳುತ್ತ ಮೇಲೆ ಬಂತು. ದಣಿದ ದನಿಯಲ್ಲೇ ಗಂಡನಿಗೆ ಹೇಳಿದಳು: “ನಡೀರಿ, ಮಗಳ್ನ ಕರ್ಕಂಡ್ ಬರನ.”

ಮೋಟಾರು ಇಟ್ಟುಕೊಂಡಿರುವ ಅಣ್ಣಂದಿರೇ, ಬೆಳಿಗ್ಗೆ ಗಾಡಿಗೆ ಕೈಮುಗಿದ ಮೇಲೆ, ಎಂಜಿನ್ ಶುರು ಮಾಡುವ ಮೊದಲು, ಆಕ್ಸಿಲರೇಟರ್ ಪೆಡಲನ್ನು ಒಮ್ಮೆ ಒತ್ತಿ ಬಿಡಿ. ತಾನಾಗಿ ಮೇಲೆ ಬಾರದಿದ್ದರೆ ಹೊರಡಬೇಡಿ. ಸಿಕ್ಕ ಎಣ್ಣೆ ಸುರಿಯದೆ ಪೆಡಲು, ಕಂಬಿ, ಕಾರ್ಬೊರೇಟರು ಬೇರೆ ಬೇರೆ ನೋಡಿ. ತಿಳಿಯದಿದ್ದರೆ ತಿಳಿದವರಿಗೆ ತೋರಿಸಿ. ನಿಮ್ಮ ಹಿಂದೆ ಕೂತವರು ನಿಮ್ಮ ಕಾಲನ್ನೇ ನಂಬಿ ಕಣ್ಣು ಮುಚ್ಚಿರುತ್ತಾರೆ.