ಸ್ಲ್ಯಾಬಿನ ದಿನ

ಕಾಂಕ್ರೀಟು ತುಂಬಿದ ಕಬ್ಬಿಣದ ಘಮೇಲಾ ಬುಟ್ಟಿಯ ಅಂಚು ಎದೆಗೆ ತಾಗಿ ಸುಂದ್ರವ್ವನಿಗೆ ಕಣ್ಣಲ್ಲಿ ನೀರು ಬಂತು. ಮುಂಬೈಯ ಜೋಗೇಶ್ವರಿಯ ಆ ಬಿಲ್ಡಿಂಗಿಗೆ ಅಂದು ಸ್ಲ್ಯಾಬ್ ಹಾಕುವ ದಿನ. ಕಲಸಿದ್ದು ಗಟ್ಟಿಯಾಗುವ ಮೊದಲೇ ಮೇಲೆ ಹೋಗಬೇಕು. ಹೆಂಗಸರು ಇಳಿಜಾರು ಹಲಗೆಯುದ್ದಕ್ಕೂ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಸಾಲು ಚೂರು ನಿಂತರೂ ಕೂಲಿಯಾಳುಗಳ ಮುಕಾದಮ ಶಿವಪುತ್ರಪ್ಪ ಕೆಳಗಿನಿಂದ ಬೈಯುತ್ತಿದ್ದ.

ಅವಳ ಎದೆ ಹುಣ್ಣಿನಂತೆ ನೋಯುತ್ತಿತ್ತು. ಹಸಿ ಸಿಮೆಂಟಿನ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು. ಬಸಿರಾಗಿ ಎರಡು ತಿಂಗಳಾಗಿದ್ದರೂ ಹೊಟ್ಟೆ ಮಾತ್ರ ಏನನ್ನೂ ತೋರಿಸಿಕೊಂಡಿರಲಿಲ್ಲ. ಕೂಸು ಈಗ ಅವರೆಕಾಳಿನಷ್ಟಿದೆ, ಕೈಕಾಲು ಮೂಡುತ್ತಿವೆ, ಭಾರ ಎತ್ತಬೇಡ ಎಂದು ದವಾಖಾನೆಯ ನರ್ಸಬಾಯಿ ಹೇಳಿದ್ದಳು. ಅಂದಿನಿಂದ ಸುಂದ್ರವ್ವನ ಹೆದರಿಕೆ ಇನ್ನೂ ಹೆಚ್ಚಾಗಿತ್ತು. ಕೈಕಾಲಿನ ಮಾತು ಬರುವವರೆಗೆ ಅದು ಬರೀ ಮುಟ್ಟು ನಿಂತದ್ದಾಗಿತ್ತು.

ಸಾಲಿನಲ್ಲಿ ಅವಳ ಕೆಳಗೇ ನಿಂತಿದ್ದವಳು ಅತ್ತೆ ಮಲ್ಲಕ್ಕ. ಮೂರು ತಿಂಗಳು ತುಂಬುವವರೆಗೆ ಯಾರ ಮುಂದೆಯೂ ಬಾಯಿ ಬಿಡಕೂಡದು, ಕಣ್ಣು ಬೀಳುತ್ತದೆ ಎಂಬುದು ಅವಳ ಕಟ್ಟಪ್ಪಣೆ. ಹೇಳದೆ ಹಗುರ ಕೆಲಸ ಕೇಳುವುದಾದರೂ ಹೇಗೆ? ಹೋದ ವರ್ಷ ಪಾರ್ಲೆಯ ಬಿಲ್ಡಿಂಗ್ ಕೆಲಸದಲ್ಲೂ ಸುಂದ್ರವ್ವ ಹೀಗೆಯೇ ಬಾಯಿ ಮುಚ್ಚಿಕೊಂಡು ಭಾರ ಹೊತ್ತಿದ್ದಳು. ಬಸಿರು ಇಳಿದುಹೋದಾಗ ಯಾರದೋ ಕಣ್ಣು ತಾಗಿತೆಂದು ಮಲ್ಲಕ್ಕ ಗೋಳಾಡಿ ಅತ್ತಳು. ಯಾರಿಗೂ ಗೊತ್ತೇ ಇಲ್ಲದ ಕೂಸಿಗೆ ಕಣ್ಣು ಹಾಕಿದ ಪುಣ್ಯಾತ್ಗಿತ್ತಿ ಯಾರೆಂದು ಸುಂದ್ರವ್ವನಿಗೆ ಇನ್ನೂ ತಿಳಿದಿಲ್ಲ.

ಮುಂದಿನ ಘಮೇಲಾ ಮೇಲಕ್ಕೆ ಕೊಡುವಾಗ ಕೆಳಹೊಟ್ಟೆ ಹಿಂಡಿದಂತಾಯಿತು. ಸೀರೆ ಒದ್ದೆಯಾಗಿದೆಯೇ ಎಂದು ನೋಡಿಕೊಳ್ಳುವ ಧೈರ್ಯವೂ ಬರಲಿಲ್ಲ. ಅಷ್ಟರಲ್ಲಿ ಮಲ್ಲಕ್ಕ ಇನ್ನೊಂದನ್ನು ಚಾಚಿದಳು. ಸುಂದ್ರವ್ವ ಕೈ ನೀಡಲಿಲ್ಲ.

"ಹಿಡಿ," ಎಂದಳು ಅತ್ತೆ, ದನಿ ತಗ್ಗಿಸಿ.

"ನಾ ಎತ್ತಂಗಿಲ್ಲ, ಅತ್ತಿ. ಹೊಟ್ಟ್ಯಾಗ ಕೂಸೈತಿ."

ಸಾಲಿಗೆಲ್ಲ ಕೇಳಿಸಲೆಂದೇ ಹೇಳಿದಳು. ಈ ಸಲವೂ ಹೋದರೆ ಅತ್ತೆ ಬೇರೆ ಯಾರ ಕಣ್ಣನ್ನೂ ಹುಡುಕುವುದಿಲ್ಲ, ಸೊಸೆಯ ನಾಲಿಗೆಯನ್ನೇ ಶಪಿಸುತ್ತಾಳೆ ಎಂಬುದು ಅವಳಿಗೆ ಗೊತ್ತಿತ್ತು.

ಸಾಲು ಯಾಕೆ ನಿಂತಿತೆಂದು ಶಿವಪುತ್ರಪ್ಪ ಕೂಗಿದ. ಮಲ್ಲಕ್ಕನ ಮುಖ ಬಿಳಿಚಿತ್ತು. ಸುಂದ್ರವ್ವ ಹೊಟ್ಟೆ ಹಿಡಿದುಕೊಂಡು ಹಲಗೆಯ ಅಂಚಿಗೆ ಕುಳಿತುಬಿಟ್ಟಳು. ಸಾಲಿನಲ್ಲಿ ಅವಳ ಮೇಲೆ ನಿಂತಿದ್ದ ಭಾಗವ್ವ ಏನನ್ನೂ ಕೇಳದೆ ಕೆಳಗಿಳಿದು ಬಂದು, ಕುಳಿತವಳ ಪಕ್ಕದಿಂದ ಎರಡೂ ಕೈ ಚಾಚಿದಳು.

ಮಲ್ಲಕ್ಕ ಒಂದು ಗಳಿಗೆ ತಡೆದಳು. ಆಮೇಲೆ ಸೊಸೆಗೆ ತಾಗದಂತೆ ಘಮೇಲಾವನ್ನು ಅತ್ತ ಸರಿಸಿ, ಎತ್ತರಕ್ಕೆ ಎತ್ತಿ ಭಾಗವ್ವನ ಕೈಗೆ ಕೊಟ್ಟಳು.