ಓದಿ ಹೇಳಿದವರು

“ಹಾಗಿದ್ರೆ ನನ್ ಮಂಚದ ಕೆಳಗೂ ಒಂದ್ಸಲ ನೋಡ್ಬಿಡಿ ಮೇಡಂ. ಕಳ್ಳ ಅಲ್ಲೇ ಮಲ್ಗಿರ್ಬೋದು,” ಎಂದಳು ತೆಂಬಿ, ಮಗುವನ್ನು ಒಂದು ತೊಡೆಯಿಂದ ಇನ್ನೊಂದಕ್ಕೆ ಸರಿಸುತ್ತಾ.

ಲುಯಾಂಡೊ ನಗಲಿಲ್ಲ. ತೆಂಬಿಯ ಊಟದ ಮೇಜಿನ ಮೇಲೆ ಕಂಪನಿಯ ಲ್ಯಾಪ್‌ಟಾಪನ್ನು ತೆರೆದಿಟ್ಟುಕೊಂಡು ಒಂದೊಂದೇ ಪರೀಕ್ಷೆ ಮಾಡುತ್ತಿದ್ದಳು. ಬೇಡದ ತಂತ್ರಾಂಶ ಒಳಗೆ ನುಸುಳಿರಲಿಲ್ಲ. ಹೊರಗಿನವರು ಯಾರೂ ಬಾಗಿಲು ತಟ್ಟಿದ ಗುರುತಿರಲಿಲ್ಲ. ಬೆಳಿಗ್ಗೆ ಮೊದಲು ಹೋದ ಮನೆಯಲ್ಲೂ ಇದೇ ಕಥೆ. ಚೀಲದೊಳಗೆ ಫೋನು ಮತ್ತೆ ಗುಂಯ್‌ಗುಟ್ಟಿತು. ಮ್ಯಾನೇಜರ್ ಕಲೂಬಾ ಅವರದು, ಅದೇ ಪ್ರಶ್ನೆ: ‘ಸಿಕ್ತಾ?’

ಅದು ಆಸ್ಪತ್ರೆಯ ಖರ್ಚು ತುಂಬಿಕೊಡುವ ವಿಮಾ ಕಂಪನಿ. ಕಚೇರಿಯ ಬಾಡಿಗೆ ಉಳಿಸಲು ನೌಕರರನ್ನೆಲ್ಲ ಮನೆಯಿಂದಲೇ ಕೆಲಸ ಮಾಡಿ ಎಂದು ಕಳಿಸಿದ ಮೇಲೆ, ಲುಸಾಕಾದ ತುಂಬ ಚದುರಿಹೋದ ಕಂಪ್ಯೂಟರುಗಳನ್ನು ಕಾಯುವುದು ಲುಯಾಂಡೊಳ ಪಾಲಿಗೆ ಬಂದಿತ್ತು. ಈ ವಾರ ಒಬ್ಬ ಗ್ರಾಹಕ ದೂರು ಕೊಟ್ಟಿದ್ದ. ಮಟೇರೊ ಬಡಾವಣೆಯ ಚಿಲುಫ್ಯಾ ಎಂಬ ತರುಣ. ಅವನಿಗೆ ಮೂರ್ಛೆರೋಗವಿತ್ತು, ಮಾತ್ರೆಯಲ್ಲಿ ಹದ್ದುಬಸ್ತಿನಲ್ಲಿತ್ತು. ನಿಶ್ಚಯವಾಗಿದ್ದ ಮದುವೆ ಇದ್ದಕ್ಕಿದ್ದಂತೆ ಮುರಿದುಬಿತ್ತು. ‘ಬಿದ್ದು ಒದ್ದಾಡುವವನಿಗೆ ಹೆಣ್ಣು ಕೊಡುವುದಿಲ್ಲ’ ಎಂದು ಆ ಕಡೆಯ ಹಿರಿಯರು ಹೇಳಿಕಳಿಸಿದರು. ವೈದ್ಯರಿಗೆ, ನಿಮ್ಮ ಕಂಪನಿಗೆ, ನಾನೇ ಹೇಳಿದ ಒಬ್ಬರಿಗೆ ಬಿಟ್ಟು ಇನ್ಯಾರಿಗೂ ಇದು ಗೊತ್ತಿರಲಿಲ್ಲ, ಆ ಒಬ್ಬರು ಹೇಳುವವರಲ್ಲ ಎಂದು ಬರೆದಿದ್ದ. ಹುಡುಗಿಯ ಹೆಸರು ಕೇಳಿದರೆ, ಆ ಮನೆಯವರ ತಂಟೆಗೆ ಹೋಗಬೇಡಿ ಎಂದುಬಿಟ್ಟ.

ಅವನ ಕಡತ ತೆರೆದದ್ದು ಮೂವರ ಕಂಪ್ಯೂಟರುಗಳಲ್ಲಿ. ಉಳಿದಿದ್ದು ಚಿಲೆಂಜೆ ಬಡಾವಣೆಯ ಅಕಪೇಲ್ವಾ ಅವರ ಮನೆ. ಅಲ್ಲಿಗೆ ಹೋಗುವುದೇ ದಂಡ ಅನ್ನಿಸಿತ್ತು ಲುಯಾಂಡೊಗೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಿಲ್ಲು ನೋಡುವ ವಿಭಾಗದಲ್ಲಿದ್ದ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವರೇ ಅವರು. “ಹೆಸರು ಓದ್ಬೇಡ. ಕಾಯಿಲೆ ನೋಡು, ರಸೀದಿ ನೋಡು, ಒಪ್ಪಿಗೆ ಹಾಕು, ಮರ್ತ್‌ಬಿಡು,” ಎನ್ನುತ್ತಿದ್ದರು. ಅಂಥವರ ಮನೆಯಲ್ಲಿ ಏನು ಹುಡುಕುವುದು?

ಆದರೂ ಮಿನಿಬಸ್ಸಿನಲ್ಲಿ ಅವಳಿಗೆ ಸರಿಯಾಗಿ ಕೂರಲಾಗಲಿಲ್ಲ. ಅಕ್ಟೋಬರಿನ ಬಿಸಿಲಿಗೆ ಸೀಟು ಕಾದಿತ್ತು. ತೊಡೆಯ ಮೇಲಿನ ಚೀಲವನ್ನು ಸುಮ್ಮನೆ ಬಿಚ್ಚುತ್ತಾ ಮುಚ್ಚುತ್ತಾ ಹೋದಳು.

ಚಿಲೆಂಜೆಯಲ್ಲಿ ಕರೆಂಟಿರಲಿಲ್ಲ. ಅಂಗಳದಲ್ಲಿ ಇದ್ದಿಲ ಒಲೆಯ ಮುಂದೆ ಅಕಪೇಲ್ವಾ ಅವರ ಮಗಳು ಮ್ವಂಗಾಲಾ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ನ್ಶಿಮಾ ತೊಳಸುತ್ತಿದ್ದಳು. ಬಂದವಳನ್ನು ನೋಡಿ ತಲೆಯಾಡಿಸಿದಳಷ್ಟೆ. ಲುಯಾಂಡೊ ಬಾಗಿಲಲ್ಲಿ ನಿಂತು ನಮಸ್ಕಾರ ಹೇಳುತ್ತಿದ್ದಂತೆ ಒಳಗಿನಿಂದ ದೊಡ್ಡ ದನಿ ಬಂತು.

“ಬಂದ್ಯಾ ಟೊಂಗಾ ಹುಡುಗಿ! ನಮ್ಮ ಹಸು ಎಲ್ಲಿ? ಮೇಯಿಸ್ಕೊಂಡು ಬರ್ತೀನಿ ಅಂತ ಹೊಡ್ಕೊಂಡ್ ಹೋದ ನಿಮ್ಮಜ್ಜ ಇನ್ನೂ ಬಂದಿಲ್ವಲ್ಲೇ!”

“ನಿಮ್ಮ ಲೋಜಿಯವ್ರಿಗೆ ಹಸು ಯಾಕೆ ದೊಡ್ಡೋರೇ? ಮೀನಿನ ಮುಳ್ಳು ಆರ್ಸೋದ್ರಲ್ಲೇ ಆಯಸ್ಸು ಕಳ್ದ್‌ಬಿಡ್ತೀರ.”

ಅವರು ಹೊಟ್ಟೆ ಕುಲುಕಿಸಿ ನಕ್ಕರು. ಟೊಂಗಾ, ಲೋಜಿ ಕುಲದವರು ಎದುರುಬದುರಾದಾಗ ಹೀಗೆ ಕಿಚಾಯಿಸದಿದ್ದರೆ ಮರ್ಯಾದೆಯಲ್ಲ. ಆದರೆ ನಗುತ್ತಿದ್ದ ಅವರ ಮುಖ ಅವಳ ಭುಜದ ಆಚೆಗೆ ತಿರುಗಿತ್ತು. ಬಾಗಿಲ ಬಿಸಿಲು ಕಣ್ಣಿಗೆ ಹೊಡೆಯುತ್ತಿರಬೇಕು ಅಂದುಕೊಂಡಳು.

ಅವರ ಹೆಂಡತಿ ನಸಿಲೇಲೆ ಕುರ್ಚಿ ಸರಿಸಿ ಕೊಟ್ಟರು. ನಿವೃತ್ತ ಶಾಲಾ ಟೀಚರು. ಮಾತು ತೂಗಿ ಆಡುವವರು. ಇಂದು ಯಾಕೋ ಗಂಡನ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ಕೊನೆಗೆ ಅಕಪೇಲ್ವಾ ಅವರೇ, “ಬಿಸ್ಲಲ್ಲಿ ಬಂದಿದಾಳೆ, ಕುಡಿಯಕ್ಕೆ ಮುಂಕೋಯೋ ತಗೊಂಡ್ ಬಾ,” ಎಂದು ಕಳಿಸಿದರು.

ಅವರ ಬೆರಳುಗಳು ತಡವರಿಸದೆ ಲ್ಯಾಪ್‌ಟಾಪಿನ ಪಾಸ್‌ವರ್ಡ್ ಒತ್ತಿದವು. ಲುಯಾಂಡೊ ಪರೀಕ್ಷೆ ಮುಗಿಸಿದಳು. ಎಲ್ಲ ಸ್ವಚ್ಛ. ಮೂರೂ ಕಂಪ್ಯೂಟರುಗಳಲ್ಲಿ ಏನೂ ಇಲ್ಲವೆಂದರೆ ಕಲೂಬಾ ಅವರಿಗೆ ಏನೆಂದು ಹೇಳುವುದು? ಎದ್ದು ಕಿಟಕಿಯ ಬಳಿ ಹೋದಳು, ಮತ್ತೆ ಬಂದಳು. ಫೋನು ಗುಂಯ್‌ಗುಟ್ಟಿತು.

“ದೊಡ್ಡೋರೇ, ಪರದೆ ಮೂಲೇಲಿ ಕೆಂಪು ಗುರುತು ಏನಾದ್ರೂ ಬಂತಾ?” ಎಂದು ಫೋನು ನೋಡುತ್ತಲೇ ಕೇಳಿದಳು.

ಅವರು ಮುಂದಕ್ಕೆ ಬಾಗಿ ಪರದೆಯನ್ನು ದಿಟ್ಟಿಸಿದರು. “ಇಲ್ಲಮ್ಮ. ಎಲ್ಲಾ ಹಸಿರಾಗೇ ಇದೆ.”

ಲುಯಾಂಡೊ ತಲೆಯೆತ್ತಿದಳು. ಬ್ಯಾಟರಿ ಉಳಿಸಲು ಲ್ಯಾಪ್‌ಟಾಪು ತಾನೇ ಆರಿಹೋಗಿತ್ತು. ಅಕಪೇಲ್ವಾ ಅವರು ಕಪ್ಪು ಪರದೆಯ ಮುಂದೆ ಬೆನ್ನು ನೆಟ್ಟಗೆ ಮಾಡಿಕೊಂಡು, ಓದುತ್ತಿರುವವರಂತೆ ಕತ್ತನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಆಡಿಸುತ್ತಿದ್ದರು.

ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದ ನಸಿಲೇಲೆ ಅದನ್ನು ನೋಡಿದರು. ಲುಯಾಂಡೊಳನ್ನೂ ನೋಡಿದರು. ಯಾರೂ ಮಾತಾಡದ್ದರಿಂದ ಅಕಪೇಲ್ವಾ ಅವರಿಗೂ ತಿಳಿಯಿತು. ಅವರ ಕೈ ಮೆಲ್ಲಗೆ ಕೀಲಿಮಣೆಯಿಂದ ಮಡಿಲಿಗೆ ಇಳಿಯಿತು.

“ಯಾವಾಗ್ಲಿಂದ?” ಎಂದಳು ಲುಯಾಂಡೊ.

“ಹೋದ ಮಳೆಗಾಲದಿಂದ,” ಎಂದರು ನಸಿಲೇಲೆ. “ಕಣ್ಣಿನ ನರ ಒಣಗಿದೆಯಂತೆ. ಪೆನ್ಶನ್‌ವರೆಗೆ ಹೇಗೋ ತಳ್ಳೋಣ ಅಂತ. ನಾನ್ ಓದ್ತೀನಿ, ಅವ್ರು ಹೇಳ್ತಾರೆ, ನಾನ್ ಒತ್ತುತೀನಿ. ತೀರ್ಮಾನ ಎಲ್ಲ ಅವ್ರದೇ ಕಣಮ್ಮ. ಒಂದೂ ತಪ್ಪಾಗಿಲ್ಲ.”

ತಪ್ಪಾಗಿಲ್ಲ ಎನ್ನುವುದು ನಿಜವೇ ಇತ್ತು. ತಿಂಗಳುಗಟ್ಟಲೆ ಅವರ ಕೆಲಸವನ್ನು ಯಾರೂ ಬೆರಳು ಮಾಡಿ ತೋರಿಸಿರಲಿಲ್ಲ. ಲುಯಾಂಡೊ ಕಂಪ್ಯೂಟರಿಗೆ ಹಾಕಿದ ಬೀಗಗಳೆಲ್ಲ ಭದ್ರವಾಗಿದ್ದವು. ಈ ಕೋಣೆಯಲ್ಲಿ ದಿನವಿಡೀ ಒಬ್ಬರು ಊರಿನವರ ಕಾಯಿಲೆಗಳನ್ನು ಗಟ್ಟಿಯಾಗಿ ಓದುತ್ತಾ ಬಂದಿದ್ದರು. ಕೇಳಬಾರದು ಅನ್ನಿಸುವಷ್ಟರಲ್ಲಿ ಕೇಳಿಯಾಗಿತ್ತು.

“ಅಮ್ಮಾ, ಚಿಲುಫ್ಯಾ ಅನ್ನೋರ ಕಡತ ಓದಿದ್ರಾ?”

ಹೆಸರು ಬಾಯಿಂದ ಜಾರಿದ ಮೇಲೆ ತೆರೆದ ಕಿಟಕಿ ಕಣ್ಣಿಗೆ ಬಿತ್ತು. ಅಂಗಳದಲ್ಲಿ ನ್ಶಿಮಾ ತೊಳಸುತ್ತಿದ್ದ ಸದ್ದು ನಿಂತುಹೋಗಿತ್ತು.

“ಚಿಲುಫ್ಯಾ?” ಎಂದರು ಅಕಪೇಲ್ವಾ. “ಯಾವ ಚಿಲುಫ್ಯಾ? ನಮ್ಮ ಮ್ವಂಗಾಲನ ಹುಡುಗನಾ?”

ನಸಿಲೇಲೆ ಲೋಟವನ್ನು ಮೇಜಿನ ಮೇಲಿಟ್ಟರು.

“ಮೂರ್ಛೆ,” ಎಂದರು ಅಕಪೇಲ್ವಾ, ತಮಗೆ ತಾವೇ ಹೇಳಿಕೊಳ್ಳುವಂತೆ. “ಮಾತ್ರೆ ಬಿಲ್ಲು. ಆವತ್ತು ನೀನು ಓದ್ತಾ ಅರ್ಧಕ್ಕೇ ನಿಲ್ಸಿ, ನೀರು ಕುಡೀತೀನಿ ಅಂತ ಎದ್ದೋದೆ. ನೀನು ಹೆಸ್ರು ಓದ್ಲಿಲ್ಲ.”

“ಹೆಸ್ರು ಓದ್ಬೇಡ ಅಂದಿದ್ದು ನೀವೇ ತಾನೇ?” ನಸಿಲೇಲೆಯ ದನಿ ಒಡೆಯಿತು. “ಮಂಜೂರು ಅಂದ್ರಿ. ನಾನೇ ಗುಂಡಿ ಒತ್ತಿದೆ. ಒತ್ತಿದ ಮೇಲೆ ಸುಮ್ನಿರಕ್ಕಾಗ್ಲಿಲ್ಲ ಮ್ವಂಗಾಲನ ಅಪ್ಪ. ಮದ್ವೆ ಮಾತಾಡ್ತಿದ್ದ ಅಣ್ಣಂಗೆ ಫೋನ್ ಮಾಡಿ, ಈ ಸಂಬಂಧ ಬೇಡ ಅಂದೆ. ನನ್ ತಂಗಿ ಗಂಡ ಉರಿಯೋ ಒಲೆ ಮೇಲೆ ಬಿದ್ದಿದ್ದನ್ನ ನಾನ್ ನೋಡಿದೀನಿ. ಅವ್ಳು ಅವ್ನ್ ಕೈ ಹಿಡ್ದು ಎಳೀತಾ ಕಿರುಚ್ತಿದ್ದಿದ್ದು ಇನ್ನೂ ಕಿವೀಲಿದೆ. ನನ್ ಮಗ್ಳಿಗೂ ಅದೇ ಆಗ್ಲಿ ಅಂತ ಬಿಡ್ಬೇಕಿತ್ತಾ?”

“ನಂಗೆ ಗೊತ್ತಿತ್ತು ಅಮ್ಮ.”

ಮ್ವಂಗಾಲಾ ಹೊಸ್ತಿಲಲ್ಲಿ ನಿಂತಿದ್ದಳು. ಕೈಯಲ್ಲಿ ಮರದ ಸಟ್ಟುಗ. ಅದರ ತುದಿಯಿಂದ ಬಿಳಿ ಹಿಟ್ಟು ನೆಲಕ್ಕೆ ಬೀಳುತ್ತಿತ್ತು.

“ಹಿರಿಯರು ಮಾತುಕತೆಗೆ ಬರೋಕ್ ಮುಂಚೇನೇ ಹೇಳಿದ್ದ. ಒಂದ್ಸಲ ಬಸ್ ಸ್ಟ್ಯಾಂಡಲ್ಲಿ ನನ್ ಕಣ್ಣೆದುರಿಗೇ ಬಂತು. ಪಕ್ಕಕ್ಕೆ ಹೊರಳಿಸಿ ಹಿಡ್ಕೊಂಡು ಕೂತಿದ್ದೆ. ಎಚ್ಚರ ಆದ್ಮೇಲೆ ಮೊದ್ಲು ಕೇಳಿದ್ದೇನು ಗೊತ್ತಾ? ಹೆದ್ರಿದ್ಯಾ ಅಂತ.” ಅವಳು ಅಳುತ್ತಿರಲಿಲ್ಲ, ಅದನ್ನು ನೋಡಲು ಇನ್ನೂ ಕಷ್ಟವಾಗುತ್ತಿತ್ತು. “ಮಾಮ ನಂಗೆ ಹೆಣ್ಣಿನ ತೆರ ಕುದುರ್ಲಿಲ್ಲ ಅಂದ್ರು. ದುಡ್ಡಿಗೋಸ್ಕರ ನನ್ನ ಬಿಟ್ಟ ಅಂತ ನಾನು ಅವ್ನಿಗೆ ಬಾಯಿಗೆ ಬಂದಂಗೆ ಬೈದು ಮೆಸೇಜ್ ಕಳಿಸ್ದೆ. ಅವ್ನು ಒಂದಕ್ಷರ ತಿರುಗಿ ಬರೀಲಿಲ್ಲ. ನಾನೇ ಬಾಯ್ಬಿಟ್ಟೆ ಅಂತ ತಿಳ್ಕೊಂಡಿರ್ತಾನೆ.”

“ಇಲ್ಲ,” ಎಂದಳು ಲುಯಾಂಡೊ. ದೂರಿನಲ್ಲಿದ್ದ ಒಂದು ಪದವನ್ನೂ ಹೊರಗೆ ಹೇಳುವ ಹಕ್ಕು ಅವಳಿಗಿರಲಿಲ್ಲ. “ನೀವು ಹೇಳೋರಲ್ಲ ಅಂತ ಬರ್ದಿದಾನೆ. ನಿಮ್ಮ ಹೆಸ್ರು ಕೂಡ ನಮಗೆ ಕೊಡ್ಲಿಲ್ಲ.”

ಮ್ವಂಗಾಲಾ ಸಟ್ಟುಗವನ್ನು ಎಲ್ಲಿಡಬೇಕೆಂದು ತಿಳಿಯದವಳಂತೆ ಸುತ್ತ ನೋಡಿದಳು. ತಾಯಿ ಅದನ್ನು ತೆಗೆದುಕೊಳ್ಳಲು ಕೈ ಚಾಚಿದರು. ಅವಳು ಕೊಡದೆ ಹೊರಗೆ ಹೋದಳು.

ಅಕಪೇಲ್ವಾ ಅವರು ಲ್ಯಾಪ್‌ಟಾಪಿನ ಅಂಚನ್ನು ತಡವಿ ಹುಡುಕಿ, ಮುಚ್ಚಿ, ಲುಯಾಂಡೊಳ ದನಿ ಬಂದ ಕಡೆಗೆ ತಳ್ಳಿದರು.

“ಇದು ತಗೊಂಡ್ ಹೋಗಮ್ಮ. ಕಲೂಬಾಗೆ ಫೋನ್ ಹಚ್ಚು. ನಾನೇ ಹೇಳ್ತೀನಿ. ನಿನ್ ಬಾಯಿಂದ ಬರೋದ್ ಬೇಡ.”

“ಪೆನ್ಶನ್?” ಎಂದರು ನಸಿಲೇಲೆ. ನಂಬರು ಒತ್ತಿಕೊಡುವ ಅಭ್ಯಾಸಬಲದಿಂದ ಅವರ ಕೈ ಗಂಡನ ಫೋನಿನತ್ತ ಹೋಗಿತ್ತು. ಅಕಪೇಲ್ವಾ ಫೋನನ್ನು ಮೆಲ್ಲಗೆ ತಮ್ಮ ಅಂಗೈಯಲ್ಲಿ ಮುಚ್ಚಿಕೊಂಡು ಲುಯಾಂಡೊಳೆಡೆಗೆ ಚಾಚಿದರು.

ಅವಳು ಕಲೂಬಾ ಅವರ ನಂಬರು ಒತ್ತಿ ಫೋನನ್ನು ಅವರ ಕಿವಿಗೆ ಕೊಟ್ಟಳು. ಅಕಪೇಲ್ವಾ ಅವರು ಕಣ್ಣಿನ ವಿಷಯ ಹೇಳಿದರು, ಓದಿಸಿಕೊಂಡದ್ದು ಹೇಳಿದರು, ಹೊರಗೆ ಹೋದ ಮಾತು ತಮ್ಮ ಮನೆಯದೇ ಎಂದು ಹೇಳಿದರು. ಹೆಂಡತಿಯ ಹೆಸರು ಎತ್ತಲಿಲ್ಲ. ಆ ಕಡೆಯಿಂದ ಕಲೂಬಾ ಕೂಗಾಡುತ್ತಿದ್ದದ್ದು ಎಲ್ಲರಿಗೂ ಕೇಳುತ್ತಿತ್ತು. ಸೋಮವಾರ ಕಚೇರಿಗೆ ಬನ್ನಿ, ಅಲ್ಲಿಯವರೆಗೆ ಕೆಲಸವಿಲ್ಲ ಎಂದು ಫೋನು ಕುಕ್ಕಿದರು. ಅಂಗಳದಿಂದ ನ್ಶಿಮಾ ಸೀದ ವಾಸನೆ ಒಳಗೆ ತುಂಬಿತು. ಅದನ್ನು ಇಳಿಸಲು ಯಾರೂ ಏಳಲಿಲ್ಲ. ಕೊನೆಗೆ ಲುಯಾಂಡೊಳೇ ಹೋಗಿ ಪಾತ್ರೆ ಇಳಿಸಿದಳು. ಮ್ವಂಗಾಲಾ ಅಲ್ಲಿರಲಿಲ್ಲ.

ಬಸ್ ನಿಲ್ದಾಣದವರೆಗೆ ಲುಯಾಂಡೊ ಹೆಚ್ಚುಕಡಿಮೆ ಓಡಿದಳು. ಸಿಕ್ಕಿದ ಮೊದಲ ಮಿನಿಬಸ್ಸು ಹತ್ತಿ ಕೂತ ಮೇಲೆ, ಕಿಟಕಿಯ ಪಕ್ಕದ ಮುಂದಿನ ಸೀಟಿನಲ್ಲಿ ಮ್ವಂಗಾಲಾ ಕೂತಿರುವುದು ಕಾಣಿಸಿತು. ಮನೆಯಲ್ಲಿ ಉಟ್ಟ ಚಿತೇಂಗೆ ಬಟ್ಟೆಯಲ್ಲೇ ಬಂದಿದ್ದಳು.

“ಎಲ್ಲಿಗಕ್ಕಾ?” ಎಂದು ಕಂಡಕ್ಟರು ಮ್ವಂಗಾಲಾಳನ್ನು ಕೇಳಿದ.

“ಮಟೇರೊ.”

“ಈ ಗಾಡಿ ಮಟೇರೊಗೆ ಹೋಗಲ್ಲಕ್ಕ. ಪೇಟೇಲಿ ಇಳ್ದು ಬೇರೆ ಹಿಡೀಬೇಕು.”

“ಹಿಡೀತೀನಿ. ನೀನು ಬಿಡು ಮೊದ್ಲು.”

ಸೀಟು ತುಂಬಲಿ ಎಂದು ಬಸ್ಸು ಇನ್ನೂ ಕಾಯುತ್ತಿತ್ತು. ಡ್ರೈವರು ಇಳಿದು ಯಾರೊಂದಿಗೋ ಹರಟುತ್ತಿದ್ದ. ಮ್ವಂಗಾಲಾ ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಸ್ಸನ್ನು ತಾನೇ ತಳ್ಳುವವಳಂತೆ ಮುಂದಕ್ಕೆ ಬಾಗಿದ್ದಳು. ಬೆರಳಿಗೆ ಮೆತ್ತಿದ್ದ ಹಿಟ್ಟು ಬಿಸಿಲಿಗೆ ಒಣಗಿ, ಬಿರುಕು ಬಿಟ್ಟು, ಸಣ್ಣ ಸಣ್ಣ ಚಕ್ಕೆಗಳಾಗಿ ಅವಳ ಮಡಿಲಿಗೆ ಉದುರುತ್ತಿತ್ತು.