ಗಂಟು ನಿಂತ ಜಾಗ

ರಸ್ತೆ ಅಗಲ ಮಾಡಲು ನನ್ನ ಮನೆ ಕೆಡವುತ್ತಾರೆಂದು ಗೊತ್ತಾದಾಗ, ಅಮ್ಮ ನಮ್ಮಲ್ಲೇ ಇರಲಿ ಎಂದು ದೊಡ್ಡ ಮಗಳೂ ನಡುವಿನವಳೂ ಜಗಳಕ್ಕೆ ನಿಂತರು. ಬಟ್ಟೆ ಹೊಲಿಯುವ ಕಿರಿಯವಳು ಮಂಡಿ ಮುರಿದುಕೊಂಡು ಕೋಲು ಹಿಡಿದಿದ್ದಳು. ಅಮ್ಮ ನನ್ನಲ್ಲಿರಲಿ ಎಂದು ಅವಳು ಕೇಳಲೇ ಇಲ್ಲ. ನನಗೋ ಅವಳಲ್ಲಿಗೇ ಹೋಗುವ ಆಸೆ. ಬಾಯಿಬಿಟ್ಟರೆ ಉಳಿದಿಬ್ಬರು ನೊಂದುಕೊಂಡಾರು ಎಂದು ಸುಮ್ಮನಿದ್ದೆ.

ಕೊನೆಗೆ, ನನ್ನನ್ನು ನೋಡಲು ಬರುವ ಮೂವರ ನಡಿಗೆಯೂ ಸೇರಿ ಅತಿ ಕಡಿಮೆಯಾಗುವ ಕಡೆ ನನಗೊಂದು ಬಾಡಿಗೆ ಕೋಣೆ ಎಂದಾಯಿತು. ಗಣಿತದ ಟೀಚರಾದ ನಡುವಿನವಳು ನಾಲ್ಕು ದಿನ ಹಾಳೆ ತುಂಬಿಸಿ, ನಕ್ಷೆಯಲ್ಲೊಂದು ಚುಕ್ಕೆ ಇಟ್ಟಳು.

ಲೇತ್ ಕೆಲಸದ ಹಿರಿಯ ಅಳಿಯ ಆ ನಕ್ಷೆಯನ್ನು ಹಲಗೆಗೆ ಅಂಟಿಸಿ, ಮೂರು ಮನೆಗಳಿರುವಲ್ಲಿ ಮೂರು ತೂತು ಕೊರೆದು ತಂದರು. ಮೇಲೆ ಮೂರು ದಾರ ಸೇರಿ ಒಂದು ಗಂಟು. ತೂತುಗಳಿಂದ ಇಳಿದ ಒಂದೊಂದು ದಾರಕ್ಕೂ ತೂಕಕ್ಕೆಂದು ಮೂರು ಮೂರು ಕಬ್ಬಿಣದ ನಟ್ಟು.

“ಭಾವ, ನಟ್ಟಿಗೆ ಗಣಿತ ಬರುತ್ತಾ?”

“ಕೆಳಗಿಳಿಯೋದಷ್ಟೇ ಬರುತ್ತೆ, ಟೀಚರಮ್ಮ. ಎಲ್ಲಾ ಸೇರಿ ಆದಷ್ಟು ಕೆಳಗಿಳಿದರೆ, ಮೇಲುಳಿಯೋ ದಾರ ಆದಷ್ಟು ಕಮ್ಮಿ ತಾನೆ?”

ಹಲಗೆಯನ್ನು ಎರಡು ಕುರ್ಚಿಗಳ ಮೇಲಿಟ್ಟು ಬೆರಳಿನಿಂದ ತಟ್ಟಿದರು. ಗಂಟು ಜಾರುತ್ತಾ ಹೋಗಿ ಚುಕ್ಕೆಯ ಮೇಲೇ ನಿಂತಿತು.

“ನನ್ನ ಲೆಕ್ಕ ಸರಿ ಅಂತ ಇದಕ್ಕೂ ಗೊತ್ತಾಯ್ತು.”

“ಇದು ಸರಿ ಅಂತ ನಿಮ್ಮ ಲೆಕ್ಕಕ್ಕೆ ಗೊತ್ತಾಯ್ತು ಅನ್ನಿ.”

ಕಿರಿಯವಳು ಮಂಡಿ ಒತ್ತಿಕೊಳ್ಳುತ್ತಾ, “ಜಾಗ ಚೆನ್ನಾಗಿದೆ. ನಾನು ನಿಧಾನಕ್ಕೆ ಬಂದು ಹೋಗ್ತೀನಿ,” ಎಂದಳು.

ನಡುವಿನವಳ ನಗು ನಿಂತಿತು. “ಇವಳ ಹೆಜ್ಜೆಗೂ ನಮ್ಮ ಹೆಜ್ಜೆಗೂ ಒಂದೇ ಬೆಲೆ ಹಾಕಿದೀನಲ್ಲೇ ಅಕ್ಕ. ಲೆಕ್ಕ ಸರಿ, ಮೊದಲು ಬರಕೊಂಡಿದ್ದೇ ತಪ್ಪು.”

ಬಗ್ಗಿ, ತನ್ನ ದಾರದಿಂದ ಒಂದು ನಟ್ಟು ಬಿಚ್ಚಿ ತಂಗಿಯ ದಾರಕ್ಕೆ ಕಟ್ಟಿದಳು. ಗಂಟು ಕಿರಿಯವಳ ಬೀದಿಯ ತುದಿಯವರೆಗೆ ಸರಿಯಿತು. ದೊಡ್ಡವಳು ನನ್ನ ಮುಖವನ್ನೊಮ್ಮೆ ನೋಡಿದಳು. ತನ್ನದರಿಂದಲೂ ಒಂದು ಬಿಚ್ಚಿ ಅಲ್ಲಿಗೇ ಸೇರಿಸಿದಳು. ಗಂಟು ಸೀದಾ ಕಿರಿಯವಳ ಮನೆಯ ತೂತಿಗೆ ಹೋಗಿ ಕೂತಿತು. ಅಳಿಯ ಎಷ್ಟು ತಟ್ಟಿದರೂ ಕದಲಲಿಲ್ಲ.

“ಇದು ಮೋಸ,” ಎಂದಳು ಕಿರಿಯವಳು. ದನಿ ಗಟ್ಟಿಯಿರಲಿಲ್ಲ.

“ಮೋಸ ಮಾಡೋಕೆ ನಟ್ಟಿಗೆ ಬರಲ್ಲ ಕಣೇ,” ಎಂದಳು ದೊಡ್ಡವಳು. “ನಿನ್ನ ಕೋಣೇಲಿ ಅಮ್ಮನ ಮಂಚ ಹಿಡಿಸುತ್ತಾ, ಅದನ್ನ ಹೇಳು.”

ಕಿರಿಯವಳು ನನ್ನ ಮಂಚದ ಬಳಿ ಬಂದು ಕೊರಳಿನ ಅಳತೆ ಟೇಪು ತೆಗೆದಳು. ಬಗ್ಗಲು ಆಗದೆ, ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟಳು.